ಜೆಪ್ಪುವಿನ ಹಂಚು, ಬಾಸೆಲ್ಲಿನ ಕಾಸು: ಕ್ರೈಸ್ತ ನಂಬಿಕೆ ಮತ್ತು ಸಂಪತ್ತು



ಈ ಉಪನ್ಯಾಸ ನಡೆಯುತ್ತಿರುವುದು ಬಡ್ಡಿಯ ಹಣದಲ್ಲಿ. ಹಿರಿಯರೊಬ್ಬರ ನೆನಪಿಗೆಂದು ಅವರ ಮನೆಯವರು ಒಂದು ಮೊತ್ತವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಾರೆ. ಅಸಲು ಹಾಗೇ ಉಳಿಯುತ್ತದೆ, ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ನಾವು ಹೀಗೆ ಸೇರುತ್ತೇವೆ. ಇದರಲ್ಲಿ ನಮಗೆ ಯಾರಿಗೂ ಅಳುಕಿಲ್ಲ, ಅಳುಕಬೇಕಾದ್ದೂ ಇಲ್ಲ. ಆದರೆ ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಮಹಾಸಭೆ, ಇಂದಿಗೂ ನಾವು ಹೇಳುವ ವಿಶ್ವಾಸಪ್ರಮಾಣಕ್ಕೆ ತಳಪಾಯ ಹಾಕಿದ ಅದೇ ಸಭೆ, ಬಡ್ಡಿಗೆ ಹಣ ಕೊಡುವ ಪಾದ್ರಿಯನ್ನು ಪದವಿಯಿಂದ ಇಳಿಸಬೇಕೆಂದು ನಿಯಮ ಮಾಡಿತ್ತು. 1179ರ ಮೂರನೆಯ ಲ್ಯಾಟರನ್ ಮಹಾಸಭೆ ಬಹಿರಂಗವಾಗಿ ಬಡ್ಡಿ ವ್ಯವಹಾರ ಮಾಡುವವನಿಗೆ ಕ್ರೈಸ್ತ ಶವಸಂಸ್ಕಾರವನ್ನೇ ನಿರಾಕರಿಸಿತು. ಹದಿನಾರನೆಯ ಶತಮಾನದಲ್ಲಿ ಜಿನೀವಾದ ಕ್ಯಾಲ್ವಿನ್, ಹಸಿದವನಿಂದ ಬಡ್ಡಿ ಹಿಂಡುವುದು ಬೇರೆ, ವ್ಯಾಪಾರಿಗೆ ಬಂಡವಾಳ ಕೊಟ್ಟು ಲಾಭದಲ್ಲಿ ಪಾಲು ಕೇಳುವುದು ಬೇರೆ ಎಂದು ವಿಂಗಡಿಸಿದ. ಅಲ್ಲಿಂದ ಸುಮಾರು ಮುನ್ನೂರು ವರ್ಷಗಳಲ್ಲಿ ಒಂದು ಕ್ರೈಸ್ತ ಮಿಷನ್ ಷೇರು ಕಂಪನಿಯನ್ನೇ ಕಟ್ಟಿ, ಅದರ ಕಾರ್ಖಾನೆಗಳನ್ನು ನಮ್ಮ ನೇತ್ರಾವತಿಯ ದಡದಲ್ಲಿ ನಿಲ್ಲಿಸಿತು.

ಬಡ್ಡಿಯನ್ನು ನಿಷೇಧಿಸಿದ ನಂಬಿಕೆ ಷೇರು ಕಂಪನಿ ಕಟ್ಟುವ ತನಕ ಬಂದದ್ದನ್ನು ಭ್ರಷ್ಟತೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಕಂಪನಿ ಕಟ್ಟಿದವರು ದೇವರಿಗೆ ಹೆದರುವವರಾಗಿದ್ದರು, ದುಡ್ಡಿಗೂ ಹೆದರುವವರಾಗಿದ್ದರು. ದುಡ್ಡು ತಮ್ಮನ್ನು ಆಳದಂತೆ ಅದಕ್ಕೆ ಮೂಗುದಾರ ಹಾಕಲು ಅವರು ಪಟ್ಟ ಪಾಡು ದೊಡ್ಡದು. ಅವರು ಎಲ್ಲಿ ಗೆದ್ದರು, ಯಾವ ಒಂದು ಕಡೆ ಅವರ ಕಣ್ಣಿಗೆ ಬೀಳಲೇ ಇಲ್ಲ ಎಂಬುದು ನನ್ನ ವಿಷಯ. ಮಂಗಳೂರಿನ ಜೆಪ್ಪುವಿನ ಹಂಚಿನ ಮಣ್ಣಿನಿಂದ ಅನ್ನ ಕಂಡ ಮನೆಯಲ್ಲಿ ಹುಟ್ಟಿದವನು ನಾನು. ಹಾಗಾಗಿ ಇದು ನನಗೆ ದೂರದ ಚರಿತ್ರೆಯಲ್ಲ.

ಮೊದಲು ಸ್ವಲ್ಪ ಹೊತ್ತು ಸುವಾರ್ತೆಗಳ ಕಡೆ ಹೋಗೋಣ. ಅಲ್ಲಿ ಇಬ್ಬರು ಶ್ರೀಮಂತರು ಯೇಸುವಿನ ಎದುರಿಗೆ ಬರುತ್ತಾರೆ. ಒಬ್ಬ ಆಜ್ಞೆಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ ಸಜ್ಜನ. ಇದ್ದುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಎಂದಾಗ ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಇನ್ನೊಬ್ಬ ಯೆರಿಕೋ ಪಟ್ಟಣದ ಜಕ್ಕಾಯ, ಸುಂಕದವರ ಮುಖ್ಯಸ್ಥ, ಊರೇ ಶಪಿಸುವ ಮನುಷ್ಯ. ಅವನಿಗೆ ಯಾರೂ ಏನನ್ನೂ ಕೇಳುವುದಿಲ್ಲ. ತನ್ನ ಮನೆಯಲ್ಲಿ ಊಟಕ್ಕೆ ಬಂದ ಅತಿಥಿಯ ಎದುರು ತಾನಾಗಿಯೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಯಾರಿಂದ ಅನ್ಯಾಯವಾಗಿ ಕಿತ್ತುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎನ್ನುತ್ತಾನೆ. ನಮ್ಮ ಪ್ರಸಂಗಗಳಲ್ಲಿ ಮೊದಲನೆಯವನ ಕಥೆಯೇ ಹೆಚ್ಚು ಕೇಳಿಬರುತ್ತದೆ. ಅದರ ಪ್ರಶ್ನೆ ಶ್ರೀಮಂತನ ಆತ್ಮದ್ದು: ಈ ಮನುಷ್ಯ ಸ್ವರ್ಗ ಸೇರುತ್ತಾನೋ ಇಲ್ಲವೋ? ಜಕ್ಕಾಯನ ಕಥೆಯಲ್ಲಿ ಬೇರೊಂದು ಪ್ರಶ್ನೆಯಿದೆ. ಈ ಹಣ ಯಾರಿಂದ ಬಂತು, ಅವರಿಗೆ ಏನು ಸಲ್ಲಬೇಕು? ಆ 'ಅರ್ಧ' ಧರ್ಮ, 'ನಾಲ್ಕರಷ್ಟು' ಋಣ. ಎರಡನ್ನೂ ಜಕ್ಕಾಯ ಬೇರೆ ಬೇರೆಯಾಗಿಯೇ ಎಣಿಸಿದ.

ಯಾಕೋಬನ ಪತ್ರಿಕೆ ಎರಡನೆಯ ಪ್ರಶ್ನೆಯನ್ನು ಇನ್ನೂ ನೇರವಾಗಿ ಕೇಳುತ್ತದೆ. ಸಭೆಗೆ ಚಿನ್ನದ ಉಂಗುರದವನು ಬಂದರೆ ಒಳ್ಳೆಯ ಆಸನ, ಹರಕು ಬಟ್ಟೆಯವನು ಬಂದರೆ ಕಾಲಬುಡದಲ್ಲಿ ಜಾಗ ಎಂಬ ನಡತೆಯನ್ನು ಅದು ಎರಡನೆಯ ಅಧ್ಯಾಯದಲ್ಲಿ ಖಂಡಿಸುತ್ತದೆ. ಐದನೆಯ ಅಧ್ಯಾಯದಲ್ಲಿ ಹೊಲ ಕೊಯ್ದ ಆಳುಗಳಿಗೆ ತಡೆಹಿಡಿದ ಕೂಲಿಯೇ ದೇವರಿಗೆ ಕೂಗಿ ಮೊರೆಯಿಡುತ್ತದೆ ಎಂಬ ಅರ್ಥದ ಮಾತಿದೆ. ಅಲ್ಲಿ ಶ್ರೀಮಂತನ ಮನಸ್ಸಿನಲ್ಲಿ ಆಸೆ ಇತ್ತೋ ಇಲ್ಲವೋ ಎಂಬ ವಿಚಾರಣೆಯೇ ನಡೆಯುವುದಿಲ್ಲ. ನೋಡುವುದು ಕೂಲಿಯ ಲೆಕ್ಕವನ್ನು.

ಮುಂದಿನ ಶತಮಾನಗಳಲ್ಲಿ ಈ ಎರಡು ಪ್ರಶ್ನೆಗಳೂ ಜೊತೆಜೊತೆಯಾಗಿ ಸಾಗಿದವು, ಆದರೆ ಸಮನಾಗಿ ಅಲ್ಲ. ಕ್ರಿ.ಶ. 200ರ ಸುಮಾರಿಗೆ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಶ್ರೀಮಂತನಿಗೆ ಮೋಕ್ಷವುಂಟೆ ಎಂಬುದನ್ನೇ ವಿಷಯವಾಗಿಸಿ ಒಂದು ಗ್ರಂಥ ಬರೆದ. ಬಿಡಬೇಕಾದದ್ದು ಆಸ್ತಿಯನ್ನಲ್ಲ, ಆಸ್ತಿಯ ಮೇಲಿನ ಮೋಹವನ್ನು. ಎಲ್ಲರೂ ಎಲ್ಲವನ್ನೂ ಬಿಟ್ಟರೆ ಹಸಿದವರಿಗೆ ಅನ್ನ ಹಾಕುವವರು ಯಾರು ಎಂದು ಅವನ ವಾದ. ವಾದದಲ್ಲಿ ಹುರುಳಿದೆ. ಅಂದಿನಿಂದ ಇಂದಿನವರೆಗೆ ಅನುಕೂಲವಂತ ಕ್ರೈಸ್ತರೆಲ್ಲ ಆಶ್ರಯ ಪಡೆದದ್ದು ಈ ವಾದದ ನೆರಳಿನಲ್ಲೇ. ಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಈಜಿಪ್ಟಿನ ಆಂಟನಿ ಎಂಬ ತರುಣ ಮುಖ ಬಾಡಿಸಿಕೊಂಡು ಹೋದ ಆ ಶ್ರೀಮಂತನ ಸುವಾರ್ತೆಯ ಪಾಠವನ್ನು ದೇವಾಲಯದಲ್ಲಿ ಕೇಳಿ, ಪಿತ್ರಾರ್ಜಿತವಾದ 300 ಅರೂರಾ ಫಲವತ್ತಾದ ಭೂಮಿಯನ್ನು ಊರವರಿಗೆ ಬಿಟ್ಟು ಮರುಭೂಮಿಗೆ ನಡೆದ. ಒಬ್ಬ ಮಾತನ್ನು ಮನಸ್ಸಿನೊಳಗೆ ಇಳಿಸಿಕೊಂಡ, ಇನ್ನೊಬ್ಬ ಹೊಲಕ್ಕೆ ಇಳಿಸಿದ. ಇಬ್ಬರೂ ಕೇಳಿದ್ದು ಮಾತ್ರ ತಮ್ಮ ಆತ್ಮದ ಗತಿಯನ್ನೇ.

ಎರಡನೆಯ ಪ್ರಶ್ನೆಯನ್ನು ಎತ್ತಿ ಹಿಡಿದವರು ಕೈಸರೈಯದ ಬೇಸಿಲ್ ಮತ್ತು ಯೋಹಾನ ಕ್ರಿಸೋಸ್ತೊಮ್. 368–369ರ ಕ್ಷಾಮದಲ್ಲಿ ಕಣಜ ತುಂಬಿಸಿಕೊಂಡು ಬೆಲೆ ಏರಲೆಂದು ಕಾಯುತ್ತಿದ್ದವರನ್ನು ಬೇಸಿಲ್ ಮುಖಕ್ಕೆ ಮುಖ ಕೊಟ್ಟು ಪ್ರಶ್ನಿಸಿದ. ಪೆಟ್ಟಿಗೆಯಲ್ಲಿ ಕೊಳೆಯುವ ಬಟ್ಟೆ ಬತ್ತಲೆ ಇರುವವನ ಸ್ವತ್ತು ಎಂಬುದು ಅವನ ಬೋಧೆ. ಬರಿ ಬೋಧಿಸಲಿಲ್ಲ, ಊರ ಹೊರಗೆ ರೋಗಿಗಳಿಗೂ ನಿರ್ಗತಿಕರಿಗೂ ಒಂದು ಪುಟ್ಟ ಪಟ್ಟಣದಷ್ಟು ದೊಡ್ಡ ಆಶ್ರಯ ಕಟ್ಟಿದ. ಕ್ರಿಸೋಸ್ತೊಮ್ ಐಶ್ವರ್ಯವಂತ ಮತ್ತು ಲಾಜರನ ಕಥೆಯ ಮೇಲೆ ಅಂತಿಯೋಕ್ಯದಲ್ಲಿ ಸಾಲು ಪ್ರಸಂಗಗಳನ್ನು ಮಾಡಿದ. ಆ ಐಶ್ವರ್ಯವಂತ ಕದ್ದವನಲ್ಲ, ಕೊಂದವನಲ್ಲ, ಬಾಗಿಲಲ್ಲಿ ಬಿದ್ದವನಿಗೆ ಕೊಡಲಿಲ್ಲ, ಅಷ್ಟೆ. ಆ ಕೊಡದಿರುವುದೇ ಕಳವು ಎಂದ ಕ್ರಿಸೋಸ್ತೊಮ್. ಮುಂದೆ ಕಾನ್‌ಸ್ಟಾಂಟಿನೋಪಲಿನ ಬಿಷಪನಾದಾಗ ಅರಮನೆಯವರನ್ನು ಎದುರು ಹಾಕಿಕೊಂಡು, ಗಡಿಪಾರಾಗಿ, 407ರಲ್ಲಿ ದಾರಿಯಲ್ಲೇ ಪ್ರಾಣ ಬಿಟ್ಟ. ಆತ್ಮದ ಪ್ರಶ್ನೆ ಕೇಳಿದವರಿಗೆ ಅಂಥ ಗತಿ ಬಂದದ್ದು ಕಡಿಮೆ.

ನಡುವಿನ ಸಾವಿರ ವರ್ಷಗಳನ್ನು, ಅಸ್ಸೀಸಿಯ ಫ್ರಾನ್ಸಿಸನನ್ನೂ ಸೇರಿಸಿ, ದಾಟಿ ಹೋಗುತ್ತೇನೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿಯ ಹತ್ತಿರ ಮಾತ್ರ ನಿಲ್ಲಲೇಬೇಕು, ಏಕೆಂದರೆ ಮಂಗಳೂರಿಗೆ ಬಂದ ಮಿಷನರಿಗಳ ಮನಸ್ಸು ಅವನ ಮನಸ್ಸಿಗೆ ಬಹಳ ಹತ್ತಿರದ್ದು. ತರುಣ ವೆಸ್ಲಿಗೆ ಆಕ್ಸ್‌ಫರ್ಡಿನಲ್ಲಿ ವರ್ಷಕ್ಕೆ 30 ಪೌಂಡ್ ಬರುತ್ತಿತ್ತು. 28ರಲ್ಲಿ ಬದುಕಿ 2ನ್ನು ದಾನ ಮಾಡಿದ. ಮರುವರ್ಷ ಆದಾಯ 60 ಆಯಿತು. ಮತ್ತೆ 28ರಲ್ಲೇ ಬದುಕಿದ. ಆಮೇಲೆ 90, ಆಮೇಲೆ 120. ಅವನ ಖರ್ಚು 28ನ್ನು ಮೀರಲಿಲ್ಲ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ದಿನ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಲಕ್ಕಮ್ಮನನ್ನು ಬಲ್ಲ ನಮಗೆ ಈ 28 ಪೌಂಡಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದೇ ವೆಸ್ಲಿ ಮುದಿ ವಯಸ್ಸಿನಲ್ಲಿ ಒಂದು ಭಯವನ್ನು ಬರೆದಿಟ್ಟ. ನಿಜವಾದ ಭಕ್ತಿ ಮನುಷ್ಯನನ್ನು ದುಡಿಮೆಗಾರನನ್ನಾಗಿ, ಮಿತವ್ಯಯಿಯನ್ನಾಗಿ ಮಾಡುತ್ತದೆ. ದುಡಿಮೆಯೂ ಮಿತವ್ಯಯವೂ ಸೇರಿದರೆ ಹಣ ಬೆಳೆಯುತ್ತದೆ. ಹಣ ಬೆಳೆದಲ್ಲಿ ಭಕ್ತಿ ಒಣಗುತ್ತದೆ. ಇದಕ್ಕೆ ಅವನಿಗೆ ಕಂಡ ಮದ್ದು ಒಂದೇ: ಗಳಿಸಿದಷ್ಟೂ, ಉಳಿಸಿದಷ್ಟೂ ಕೊಟ್ಟುಬಿಡುವುದು. ಪ್ರೊಟೆಸ್ಟಂಟ್ ನೀತಿ ಮತ್ತು ಬಂಡವಾಳಶಾಹಿಯ ಕುರಿತು 1904–05ರಲ್ಲಿ ಬರೆದ ತನ್ನ ಪ್ರಸಿದ್ಧ ಪ್ರಬಂಧವನ್ನು ಮ್ಯಾಕ್ಸ್ ವೇಬರ್ ಮುಂದೆ ಪರಿಷ್ಕರಿಸಿದಾಗ ವೆಸ್ಲಿಯ ಈ ಭಯವನ್ನೇ ತನ್ನ ವಾದಕ್ಕೆ ಸಾಕ್ಷಿಯಾಗಿ ತಂದ.

ಈಗ ಬಾಸೆಲ್.

ರೈನ್ ನದಿಯ ದಂಡೆಯ ಈ ಸ್ವಿಸ್ ಪಟ್ಟಣದಲ್ಲಿ 1815ರಲ್ಲಿ ಬಾಸೆಲ್ ಮಿಷನ್ ಹುಟ್ಟಿತು. ಅದರ ಆಡಳಿತ ಮಂಡಳಿಯಲ್ಲಿ ರೇಷ್ಮೆ ರಿಬ್ಬನ್ನಿನ ಉದ್ಯಮದಿಂದ ಸಿರಿವಂತರಾದ ಹಳೆಯ ಮನೆತನದವರಿದ್ದರು. ಮಿಷನರಿಗಳಾಗಿ ಹೊರಟವರಲ್ಲಿ ಹೆಚ್ಚಿನವರು ನೆರೆಯ ವ್ಯುರ್ಟೆಂಬರ್ಗ್ ಸೀಮೆಯ ಹಳ್ಳಿಗಳವರು, ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ಅವರು ಪಯಟಿಸ್ಟರು, ಅಂದರೆ ತರ್ಕಕ್ಕಿಂತ ಹೃದಯದ ಭಕ್ತಿಯನ್ನೂ ಶಿಸ್ತಿನ ಬದುಕನ್ನೂ ನೆಚ್ಚಿದವರು. ಸೋಮಾರಿತನ ಅವರಿಗೆ ಪಾಪವಾಗಿತ್ತು, ಕೈಕೆಲಸ ಪ್ರಾರ್ಥನೆಗೆ ಸಮವಾಗಿತ್ತು. ರಿಬ್ಬನ್ ಉದ್ಯಮಿ ಕಾರ್ಲ್ ಸರಾಸಿನ್ 1855ರಲ್ಲಿ ಆರಂಭಿಸಿದ ಒಂದು ಕಾಣಿಕೆ ಪದ್ಧತಿಯನ್ನು ಇಲ್ಲಿ ಹೇಳಬೇಕು. ಒಬ್ಬೊಬ್ಬ ಬೆಂಬಲಿಗನೂ ವಾರಕ್ಕೆ ಅರ್ಧ ಬಾಟ್ಸನ್, ಎಂದರೆ ಆಗಿನ ಅತಿ ಚಿಕ್ಕ ನಾಣ್ಯಗಳಲ್ಲೊಂದನ್ನು, ಮಿಷನ್ನಿಗೆ ಎತ್ತಿಡುವುದು. ಮನೆಗೆಲಸದ ಹುಡುಗಿಯರು, ನೇಕಾರರು, ವಿಧವೆಯರು ಕೊಟ್ಟ ಈ ಅರೆಕಾಸುಗಳು ಸೇರಿ ಮಿಷನ್ನಿನ ದೊಡ್ಡ ಆಧಾರವಾದವು. ಶ್ರೀಮಂತನ ದೇಣಿಗೆ ಮತ್ತು ಬಡವಿಯ ಅರೆಕಾಸು ಒಂದೇ ಪೆಟ್ಟಿಗೆಗೆ ಬಿದ್ದವು. ದೂರದ, ಹೆಸರು ಕೇಳದ ಊರಿನವರಿಗಾಗಿ ಆ ಹೆಣ್ಣುಮಕ್ಕಳು ಎತ್ತಿಟ್ಟ ಕಾಸಿನ ಋಣ ನಮ್ಮ ಮೇಲಿದೆ ಎಂದು ನಾನು ನಂಬುತ್ತೇನೆ. ಅದನ್ನು ಹೇಳದೆ ಮುಂದಿನ ಟೀಕೆಗೆ ನನಗೆ ಹಕ್ಕಿಲ್ಲ.

ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ ಬಂದ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲಿರುವ ಎಲ್ಲರಿಗೂ ತಿಳಿದಿದೆ. ಅಕ್ಷರದ ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅನ್ನದ ಕಥೆಯನ್ನು ಅಷ್ಟಾಗಿ ಹೇಳುವುದಿಲ್ಲ.

ಅನ್ನದ ಕಥೆ ಶುರುವಾಗುವುದು ಕಳೆದುಕೊಳ್ಳುವುದರಿಂದ. ತುಳುನಾಡಿನಲ್ಲಿ ದೀಕ್ಷಾಸ್ನಾನ ಪಡೆದವರಲ್ಲಿ ಬಿಲ್ಲವರು ಬಹಳ ಮಂದಿ. ಅವರಲ್ಲಿ ಅನೇಕರ ಕುಲಕಸುಬು ಮೂರ್ತೆ, ತಾಳೆ ಮತ್ತು ತೆಂಗಿನ ಮರದಿಂದ ಕಳ್ಳು ಇಳಿಸುವುದು. ಮದ್ಯವನ್ನು ಪಾಪವೆಂದು ಕಂಡ ಮಿಷನ್ ಆ ಕಸುಬನ್ನು ಬಿಡಬೇಕೆಂದಿತು. ಮತ ಬಿಟ್ಟವನಿಗೆ ಅಳಿಯಸಂತಾನದ ಕುಟುಂಬದಲ್ಲಿ ಜಾಗವಿರಲಿಲ್ಲ, ಧಣಿಯ ಗದ್ದೆಯ ಚಾಲಗೇಣಿ ಯಾವ ಕ್ಷಣದಲ್ಲಾದರೂ ತಪ್ಪಬಹುದಿತ್ತು. ಭೂತದ ಕೋಲಕ್ಕೆ ಬಾರದವನನ್ನು ಊರು ಹೊರಗಿನವನೆಂದೇ ಎಣಿಸಿತು. ಒಂದು ಮುಳುಗಿನಲ್ಲಿ ಕಸುಬು, ಭೂಮಿ, ಬಂಧುಬಳಗ ಮೂರೂ ಹೋದವು.

ಅನ್ನಕ್ಕಾಗಿ ಮತ ಬಿಟ್ಟವರು ಎಂಬ ಹೀಯಾಳಿಕೆ ನಮ್ಮ ಹಿರಿಯರ ಮೇಲೆ ಇಂದಿಗೂ ಬೀಳುತ್ತದೆ. ಅನುಕ್ರಮವನ್ನು ನೋಡಿ. ಮೊದಲು ಅವರು ಅನ್ನ ಕಳೆದುಕೊಂಡರು. ಹಂಚಿನ ಕಾರ್ಖಾನೆ ಬಂದದ್ದು ಮಿಷನರಿಗಳು ಕಾಲಿಟ್ಟು ಮೂವತ್ತೊಂದು ವರ್ಷಗಳ ಮೇಲೆ. ಆ ಮೂವತ್ತೊಂದು ವರ್ಷಗಳಲ್ಲಿ ಸಭೆಗೆ ಸೇರಿದವರಿಗೆ ಮುಂದೊಂದು ದಿನ ಕಾರ್ಖಾನೆ ಬರುತ್ತದೆಂದು ಯಾರೂ ಕನಸು ಕಂಡಿರಲಿಲ್ಲ. ಇನ್ನೊಂದು ಮಾತು. ಗೇಣಿಯ ಭಯವಿಲ್ಲದೆ, ತಲೆ ಎತ್ತಿ ನಡೆಯಬಲ್ಲ ಒಂದು ಬದುಕನ್ನು ಬಯಸುವುದು ಆತ್ಮಕ್ಕಿಂತ ಕೀಳಾದ ಬಯಕೆ ಎಂದು ತೀರ್ಮಾನಿಸಲು ಹೊಟ್ಟೆ ತುಂಬಿದವರಿಗೆ ಯಾವ ಅಧಿಕಾರವಿದೆ? ನಮ್ಮ ಕರ್ತನ ಪ್ರಾರ್ಥನೆಯಲ್ಲಿ ದಿನದ ಅನ್ನದ ಬೇಡಿಕೆ ಪಾಪಕ್ಷಮೆಯ ಬೇಡಿಕೆಗಿಂತ ಮೊದಲು ಬರುತ್ತದೆ.

ಮಿಷನ್ ಮೊದಲು ಭೂಮಿಯ ದಾರಿ ಹಿಡಿಯಿತು. ಜಮೀನು ಕೊಂಡು, ಕ್ರೈಸ್ತ ಒಕ್ಕಲನ್ನು ಕೂರಿಸಿತು. ಆಗ ಮಿಷನರಿಯೇ ಧಣಿಯಾದ, ಆದಿತ್ಯವಾರ ಕರ್ತನ ಭೋಜನ ಬಡಿಸುವ ಕೈಯೇ ಸೋಮವಾರ ಗೇಣಿ ಎಣಿಸಬೇಕಾಯಿತು. ಇದು ಸರಿಹೋಗಲಿಲ್ಲ. ಗಡಿಯಾರ ದುರಸ್ತಿ, ಪುಸ್ತಕದ ರಟ್ಟು ಕಟ್ಟುವುದು, ಮುದ್ರಣ ಹೀಗೆ ಹಲವು ಕಸುಬುಗಳನ್ನು ಪ್ರಯತ್ನಿಸಿದರು. 1851–52ರಲ್ಲಿ ಬಾಸೆಲ್ಲಿನ ಮುಖ್ಯಸ್ಥ ಯೋಸೆನ್‌ಹಾನ್ಸ್ ಭಾರತಕ್ಕೆ ಬಂದು ಎಲ್ಲವನ್ನೂ ಕಣ್ಣಾರೆ ಕಂಡು ಹೋದ. ಅದೇ ಹೊತ್ತಿಗೆ ನೇಯ್ಗೆ ಬಲ್ಲ ಹಾಲರ್ ಮಂಗಳೂರಿನಲ್ಲಿ, ಹಗ್ಗ ಎಳೆದರೆ ಲಾಳಿ ತಾನೇ ಹಾರುವ ಮಗ್ಗಗಳನ್ನು ಹೂಡಿದ. ಖಾಕಿ ಬಣ್ಣವನ್ನು ಹದ ಮಾಡಿದವನೆಂದು ಕರಾವಳಿ ಇಂದಿಗೂ ನೆನೆಯುವುದು ಅವನನ್ನೇ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ನದಿ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ ಜೆಪ್ಪುವಿನಲ್ಲಿ ಹಂಚು ಸುಡಲು ಆರಂಭಿಸಿದ. ಮುಳಿಹುಲ್ಲಿನ ಮಾಡು ವರ್ಷ ವರ್ಷ ಹೊದಿಸಬೇಕು, ಕಿಡಿ ತಗುಲಿದರೆ ಬೂದಿ. ಒಂದಕ್ಕೊಂದು ಕಚ್ಚಿ ಕೂರುವ ಈ ಹಂಚು ತಲೆಮಾರು ಬಾಳುತ್ತದೆ. ಬೇಡಿಕೆ ಉಕ್ಕಿತು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡು ಎಂದು ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಹಂಚಿನ ಕಾರ್ಖಾನೆಗಳು ಏಳಾಗಿದ್ದವು. ನೇಯ್ಗೆಯೂ ಸೇರಿ ದುಡಿಯುವವರು ಮೂರು ಸಾವಿರವನ್ನು ಮೀರಿದ್ದರು, ಕ್ರೈಸ್ತರಲ್ಲದವರೂ ಅವರಲ್ಲಿ ಅನೇಕರಿದ್ದರು.

ಇವೆಲ್ಲದರ ಹಿಂದೆ ಹಣದ ವ್ಯವಸ್ಥೆ ಹೇಗಿತ್ತು ಎಂಬುದೇ ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು. ಅರೆಕಾಸಿನ ಕಾಣಿಕೆಯನ್ನು ವ್ಯಾಪಾರದಲ್ಲಿ ತೊಡಗಿಸಬಾರದು, ನಷ್ಟವಾದರೆ ವಿಧವೆಯರ ಹಣ ಹೋಗುತ್ತದೆ ಎಂಬ ಎಚ್ಚರ ಅವರಿಗಿತ್ತು. ಆದ್ದರಿಂದ 1859ರಲ್ಲಿ ಬೇರೆಯೇ ಷೇರು ಬಂಡವಾಳದ ಒಂದು ಮಿಷನ್ ವ್ಯಾಪಾರ ಕಂಪನಿ ಸ್ಥಾಪಿಸಿದರು. ಬಾಸೆಲ್ಲಿನ ಅನುಕೂಲವಂತರು ಷೇರು ಕೊಂಡರು. ಆದರೆ ಷೇರುದಾರರಿಗೆ ಸಿಗುವ ಲಾಭಾಂಶಕ್ಕೆ ಮಿತಿ ಹಾಕಿ, ಮಿಗುವ ಲಾಭ ಮಿಷನ್ನಿನ ಕೆಲಸಕ್ಕೆ ಹರಿಯುವಂತೆ ಕಟ್ಟು ಮಾಡಿದರು. ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲೂ ಅದೇ ಕಂಪನಿ ವ್ಯಾಪಾರ ನಡೆಸಿತು. ಬೇರೆ ಯುರೋಪಿಯನ್ ವರ್ತಕರು ಮದ್ಯ ಮಾರಿ ಹಣ ಬಾಚುತ್ತಿದ್ದಾಗ ಅದು ಮದ್ಯ ಮಾರಲಿಲ್ಲ. ವೆಸ್ಲಿ ತನ್ನೊಬ್ಬನ ಬದುಕಿಗೆ ಹಾಕಿಕೊಂಡ 28 ಪೌಂಡಿನ ಗೆರೆಯನ್ನು ಇವರು ಕಂಪನಿಯ ನಿಯಮಾವಳಿಗೆ ತಂದರು. ಮನುಷ್ಯನ ಒಳ್ಳೆಯತನವನ್ನು ನೆಚ್ಚಿ ಕೂರದೆ ದುರಾಸೆಗೆ ಕಾನೂನಿನ ಕಟ್ಟೆ ಕಟ್ಟಿದ್ದು ನನಗೆ ಬಹು ದೊಡ್ಡ ಸಾಧನೆಯಾಗಿ ಕಾಣುತ್ತದೆ. ಲಾಭಕ್ಕೆ ಮಿತಿಯೇ ಇರಬಾರದೆಂಬುದು ಧರ್ಮಶ್ರದ್ಧೆಯಷ್ಟು ಗಟ್ಟಿಯಾಗಿರುವ ಈ ಕಾಲದಲ್ಲಿ ಆ ನಿಯಮವನ್ನು ನಮ್ಮ ವಾಣಿಜ್ಯ ಕಾಲೇಜುಗಳಲ್ಲಿ ಪಾಠವಾಗಿ ಹೇಳಬೇಕು.

ಕಾರ್ಖಾನೆಯೊಳಗೂ ಒಳ್ಳೆಯದು ಕಡಿಮೆ ಇರಲಿಲ್ಲ. ದಿನದ ಕೆಲಸ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು. ಆದಿತ್ಯವಾರ ರಜೆ. ಕಾಯಿಲೆಗೊಂದು ನಿಧಿ, ಉಳಿತಾಯಕ್ಕೊಂದು ವ್ಯವಸ್ಥೆ, ಕೆಲವರಿಗೆ ಮನೆ, ಮಕ್ಕಳಿಗೆ ಶಾಲೆ. ಇಂಥ ಏರ್ಪಾಡುಗಳನ್ನು ಕಾನೂನು ಕಡ್ಡಾಯ ಮಾಡುವುದಕ್ಕೆ ಎಷ್ಟೋ ದಶಕಗಳ ಮೊದಲೇ ಜೆಪ್ಪುವಿನ ಕೆಲಸಗಾರ ಅವನ್ನು ಕಂಡಿದ್ದ.

ಹಾಗಾದರೆ ಕಣ್ಣಿಗೆ ಬೀಳದೆ ಹೋದದ್ದು ಯಾವುದು? ಆ ಕಟ್ಟೆಯೆಲ್ಲ ಒಡೆಯನ ಆತ್ಮವನ್ನು ಕಾಯಲು ಕಟ್ಟಿದ್ದು. ಷೇರುದಾರ ಲೋಭಿಯಾಗದಂತೆ, ಮಿಷನರಿ ಹಣದ ಹಿಂದೆ ಬೀಳದಂತೆ, ಕಾಣಿಕೆ ಪೋಲಾಗದಂತೆ ಅವರು ಎಚ್ಚರ ವಹಿಸಿದರು. ಮಣ್ಣು ತುಳಿದವನ, ಹಸಿ ಹಂಚು ಹೊತ್ತವಳ ಕಡೆಯಿಂದ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಅವಳ ಮನೆ ಮಿಷನ್ನಿನದು. ಕೂಲಿ ಮಿಷನ್ನಿನದು. ಮಗನ ಶಾಲೆ ಮಿಷನ್ನಿನದು. ತಪ್ಪು ಮಾಡಿದರೆ ವಿಚಾರಿಸುವ ಸಭೆಯ ಶಿಸ್ತೂ ಮಿಷನ್ನಿನದು. ಅವಳಿಗೆ ಕೂಲಿ ಸಾಲದೆಂದು ಅನ್ನಿಸಿದರೆ ಯಾರ ಬಳಿ ಹೇಳಬೇಕು? ತನ್ನ ಮೇಸ್ತ್ರಿಯ ಮೇಲಿನ ದೂರನ್ನು ತನ್ನ ಸಭಾಪಾಲಕನ ಹತ್ತಿರ ಒಯ್ದರೆ ಅವನೂ ಅದೇ ಮಿಷನ್ನಿನ ಸಂಬಳದವನು. ಆ ಕೈ ಎಷ್ಟೇ ಕರುಣೆಯದಾಗಿರಲಿ, ಒಂದೇ ಕೈ. ಕರುಣೆಯುಳ್ಳ ಕೈಯ ಎದುರು ಬೇಡ ಎನ್ನುವುದು ಕ್ರೂರ ಧಣಿಯ ಎದುರು ಬೇಡ ಎನ್ನುವುದಕ್ಕಿಂತಲೂ ಕಷ್ಟ, ಏಕೆಂದರೆ ಅಲ್ಲಿ ಎದುರುಮಾತು ಕೃತಘ್ನತೆಯಾಗಿಬಿಡುತ್ತದೆ. ನಮ್ಮ ಸಭೆಗಳಲ್ಲಿ ಇಂದಿಗೂ ಲೆಕ್ಕ ಕೇಳಿದವನನ್ನು ಭಕ್ತಿ ಕಡಿಮೆಯಾದವನೆಂದು ನೋಡುವ ಅಭ್ಯಾಸವಿದ್ದರೆ, ಅದರ ಒಂದು ಬೇರು ಅಲ್ಲಿದೆ ಎಂದು ನನ್ನ ಅನಿಸಿಕೆ.

1914ರಲ್ಲಿ ಯುದ್ಧ ಬಂತು. ಮಿಷನರಿಗಳಲ್ಲಿ ಬಹುಮಂದಿ ಜರ್ಮನ್ ಪ್ರಜೆಗಳು. ಬ್ರಿಟಿಷ್ ಸರ್ಕಾರ ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟಿತು, ಆಮೇಲೆ ಸ್ವದೇಶಕ್ಕೆ ಕಳಿಸಿತು. ಕಂಪನಿಯ ಆಸ್ತಿಯನ್ನು ವಶಪಡಿಸಿಕೊಂಡಿತು, 1919ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಕಂಪನಿಯ ಕೈಗೆ ಕಾರ್ಖಾನೆಗಳು ದಾಟಿದವು. ಬಾಸೆಲ್ಲಿಗೆ ಇದು ಘೋರ ಅನ್ಯಾಯವಾಗಿ ಕಂಡಿತು, ಅನ್ಯಾಯವೂ ಹೌದು. ಆದರೆ ಈ ಕೈಬದಲಿನ ಕಾಲದಲ್ಲಿ ಮಂಗಳೂರಿನ ಸಭೆಯ ಸ್ಥಾನ ಏನಾಗಿತ್ತು? ಐವತ್ತು ವರ್ಷ, ಎರಡು ತಲೆಮಾರು, ಆ ಮಣ್ಣನ್ನು ಹಂಚಾಗಿಸಿದ ಜನರಿಗೆ ಆ ಕಾರ್ಖಾನೆಯ ಒಡೆತನದಲ್ಲಿ ಪಾಲಿರಲಿಲ್ಲ. ಒಡೆಯರು ಬಾಸೆಲ್ಲಿನಿಂದ ಲಂಡನ್ನಿಗೆ ಬದಲಾದರು, ಕೆಲಸಗಾರ ಮರುದಿನ ಅದೇ ಕುಲುಮೆಯ ಮುಂದೆ ನಿಂತ. ಕೂಲಿ ಕೊಟ್ಟಿದ್ದರು, ಶಾಲೆ ಕೊಟ್ಟಿದ್ದರು, ಔಷಧ ಕೊಟ್ಟಿದ್ದರು, ಹಕ್ಕನ್ನು ಕೊಟ್ಟಿರಲಿಲ್ಲ. ಷೇರುದಾರನ ಲಾಭಕ್ಕೆ ಮಿತಿ ಹಾಕುವಷ್ಟು ದೂರ ಯೋಚಿಸಿದ ಆ ಜಾಣ ಭಕ್ತರಿಗೆ, ಮಿಕ್ಕ ಲಾಭದಲ್ಲಿ ಒಂದಿಷ್ಟು ಷೇರನ್ನು ಕೆಲಸಗಾರರ ಹೆಸರಿಗೋ ಇಲ್ಲಿನ ಸಭೆಯ ಹೆಸರಿಗೋ ಬರೆಯಬೇಕೆಂದು ತೋಚಲಿಲ್ಲ. ಅಸಾಧ್ಯವಾದ ಮಾತೇನೂ ಅದಲ್ಲ. ಇಂಗ್ಲೆಂಡಿನ ರಾಕ್‌ಡೇಲಿನ ನೇಕಾರರು 1844ರಲ್ಲೇ ತಮ್ಮದೇ ಸಹಕಾರಿ ಅಂಗಡಿ ತೆರೆದಿದ್ದರು, ಜರ್ಮನಿಯಲ್ಲಿ ಕ್ರೈಸ್ತಭಕ್ತ ರೈಫೈಸನ್ 1860ರ ದಶಕದಲ್ಲೇ ಹಳ್ಳಿಗರ ಸಾಲ ಸಹಕಾರ ಸಂಘಗಳನ್ನು ಕಟ್ಟುತ್ತಿದ್ದ. ಜಕ್ಕಾಯನ ಅರ್ಧವನ್ನು ಬಾಸೆಲ್ ಧಾರಾಳವಾಗಿ ಸಲ್ಲಿಸಿತು. ಅವನು ಬೇರೆಯಾಗಿ ಎಣಿಸಿದ ಋಣದ ಭಾಗ ಲೆಕ್ಕದ ಪುಸ್ತಕಕ್ಕೆ ಬರಲೇ ಇಲ್ಲ.

ಮುಂದೆ ಮಂಗಳೂರಿನ ಹಂಚು, ಗೋಡಂಬಿ, ಬೀಡಿ ಕೆಲಸಗಾರರು ಕೆಂಬಾವುಟ ಹಿಡಿದು ಸಂಘ ಕಟ್ಟಿದರು. ಅವರು ಕೇಳಿದ್ದು ಯಾಕೋಬನ ಐದನೆಯ ಅಧ್ಯಾಯದ ಪ್ರಶ್ನೆಯನ್ನೇ. ಅದನ್ನು ಪ್ರಸಂಗಪೀಠದಿಂದ ನಾವೇ ಮೊದಲು ಕೇಳಬೇಕಿತ್ತು.

ಇಂದಿನ ಮಾತಿಗೆ ಬರುತ್ತೇನೆ. ಅರ್ಧ ಶತಮಾನದ ಹಿಂದೆ ಅಮೆರಿಕದ ಓರಲ್ ರಾಬರ್ಟ್ಸ್ ಮೊದಲಾದವರು ಹರಡಿದ 'ಬೀಜ' ಕಾಣಿಕೆಯ ಬೋಧನೆ ಈಗ ನಮ್ಮ ಊರುಗಳ ಬಾಡಿಗೆ ಸಭಾಂಗಣಗಳಿಗೂ ಬಂದಿದೆ. ಕಾಣಿಕೆ ಬಿತ್ತು, ಸಮೃದ್ಧಿ ಕೊಯ್ಯಿ ಎಂಬ ಬೋಧನೆ. ಅಲ್ಲಿ ಕುಳಿತ ಆಟೋ ಚಾಲಕನನ್ನೋ ಗಾರ್ಮೆಂಟ್ಸ್ ಹುಡುಗಿಯನ್ನೋ ಕಂಡು ನಗಲು ನನಗೆ ಮನಸ್ಸಿಲ್ಲ. ತಿಂಗಳ ಕೊನೆಯ ಭಯವನ್ನು ದೇವರ ಮುಂದೆ ಇಡುವ ಅವರ ಧೈರ್ಯ ದೊಡ್ಡದು, ಹಳೆಯ ಸಭೆಗಳಲ್ಲಿ ಆ ಭಯಕ್ಕೆ ಕಿವಿ ಸಿಗದೆ ಅವರು ಅಲ್ಲಿಗೆ ಹೋಗಿದ್ದಾರೆ. ಆದರೆ ಆ ಬೋಧನೆ ಮಾಡುವ ಹಾನಿಯನ್ನು ಮೆತ್ತಗೆ ಹೇಳಲಾರೆ. ಹಣ ಬರದಿದ್ದರೆ ನಿನ್ನ ನಂಬಿಕೆ ಸಾಲದು ಎಂದು ಅದು ಹೇಳುತ್ತದೆ. ಕಡಿಮೆ ಕೂಲಿ ಕೊಟ್ಟ ಮಾಲೀಕ ಆ ಲೆಕ್ಕದಿಂದ ಮಾಯವಾಗುತ್ತಾನೆ. ಬಡತನದ ಹೊರೆಯೊಂದಿಗೆ ಅಪರಾಧದ ಹೊರೆಯನ್ನೂ ಬಡವನ ತಲೆಗೇ ಏರಿಸುವ ಮಾತು ಕ್ರಿಸ್ತನದಾಗಲಾರದು.

ಹಳೆಯ ಸಭೆಗಳವರು, ನಾವು, ಇದನ್ನು ಕೇಳಿ ತಲೆದೂಗಿ ಸುಮ್ಮನೆ ಕೂರುವಂತಿಲ್ಲ. ಮಿಷನ್ ಕಾಲದ ಜಮೀನು, ಶಾಲೆ, ಕಾಲೇಜು, ಆಸ್ಪತ್ರೆಗಳು ಇಂದು ನಮ್ಮ ಕೈಯಲ್ಲಿವೆ. ಬೆಲೆ ಏರಿದ ಪಟ್ಟಣಗಳ ನಡುವೆ ಅವು ಅಪಾರ ಸಂಪತ್ತು. ವರದಿಗಳಲ್ಲಿ ಕಾಣಿಕೆ ಎಷ್ಟು ಬಂತು, ಕಟ್ಟಡ ಎಷ್ಟು ಎದ್ದಿತು ಎಂಬುದು ದಪ್ಪಕ್ಷರದಲ್ಲಿರುತ್ತದೆ. ಅದೇ ಆವರಣದ ನೆಲ ಒರೆಸುವ ಆಯಾ, ರಾತ್ರಿ ಕಾವಲುಗಾರ, ಗುತ್ತಿಗೆಯ ಮೇಲೆ ಪಾಠ ಮಾಡುವ ತರುಣಿ ಎಷ್ಟು ಪಡೆಯುತ್ತಾರೆ, ಅವರಿಗೆ ಭವಿಷ್ಯನಿಧಿ ಕಟ್ಟುತ್ತಿದ್ದೇವೆಯೇ ಎಂಬುದು ಸಾಮಾನ್ಯ ಸದಸ್ಯನಿಗೆ ಎಷ್ಟು ಸಭೆಗಳಲ್ಲಿ ತಿಳಿಯುತ್ತದೆ? ಅವರಲ್ಲಿ ಅನೇಕರು ನಮ್ಮ ಜೊತೆಯಲ್ಲೇ ಕರ್ತನ ಭೋಜನಕ್ಕೆ ಮೊಣಕಾಲೂರುತ್ತಾರೆ. ಜೆಪ್ಪುವಿನ ಆ ಹೆಣ್ಣಿನಂತೆ ಅವರಿಗೂ ಒಂದೇ ಕೈ ಎದುರಿಗಿದೆ. ವ್ಯತ್ಯಾಸವೆಂದರೆ ಆ ಕೈ ಈಗ ಬಾಸೆಲ್ಲಿನದಲ್ಲ, ನಮ್ಮದು.

ಆದ್ದರಿಂದ ಈ ಸಭೆಯಲ್ಲಿರುವ ಪಾಲಕರ, ಹಿರಿಯರ, ಸಂಸ್ಥೆಗಳ ಕಾರ್ಯದರ್ಶಿಗಳ ಮುಂದೆ ಎರಡು ಬೇಡಿಕೆ ಇಡುತ್ತೇನೆ. ವಾರ್ಷಿಕ ಮಹಾಸಭೆಯಲ್ಲಿ ಕಾಣಿಕೆಯ ಮೊತ್ತ ಓದುವಾಗ, ಅದೇ ಉಸಿರಿನಲ್ಲಿ ನಮ್ಮ ಸಂಸ್ಥೆಗಳಲ್ಲಿ ಅತಿ ಕಡಿಮೆ ಸಂಬಳ ಪಡೆಯುವವರ ಸಂಬಳ ಎಷ್ಟೆಂದು ಓದಬೇಕು. ಮತ್ತು ಸಂಬಳ ನಿರ್ಧರಿಸುವ ಸಮಿತಿಯಲ್ಲಿ ಆ ಕೆಲಸಗಾರರು ತಾವೇ ಆರಿಸಿದ ಇಬ್ಬರಾದರೂ, ಅತಿಥಿಗಳಾಗಿ ಅಲ್ಲ, ಮತದ ಹಕ್ಕಿನೊಂದಿಗೆ ಕೂರಬೇಕು. ಇದಕ್ಕೆ ನಿಯಮ ತಿದ್ದಬೇಕಾದರೆ ತಿದ್ದೋಣ. 1859ರಲ್ಲಿ ಬಾಸೆಲ್ಲಿನ ವರ್ತಕರು ತಮ್ಮ ಲಾಭದ ವಿರುದ್ಧವೇ ನಿಯಮ ಬರೆದುಕೊಂಡವರು. ಅವರ ಹಂಚಿನ ಕೆಳಗೆ ಬೆಳೆದ ನಾವು ಅವರು ಬಿಟ್ಟ ಕಲಮನ್ನು ಬರೆಯಲು ಅವರಿಗಿಂತ ಹೆಚ್ಚು ಬಾಧ್ಯರು. ಬರುವ ವರ್ಷದ ಮಹಾಸಭೆಗೆ ಈ ಎರಡನ್ನೂ ಠರಾವಾಗಿ ಮಂಡಿಸಲು ಬೇಕಾದ ಸಹಿಗಳನ್ನು ಈ ಸಭಾಂಗಣದಿಂದಲೇ ಸಂಗ್ರಹಿಸಲು ನಾನು ಸಿದ್ಧನಿದ್ದೇನೆ.